ಮೊಬೈಲನ್ನು ಮೊದಲಿನಂತೆ ಮಾಡುವ ಬಗೆ

ಹಿಂದಿನ ಕಾಲದಲ್ಲಿ ನಮ್ಮ ನಾಡಿನ ವರ್ತಕರೂ ಮಠಗಳ ಪಾರುಪತ್ಯಗಾರರೂ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುವುದು. ಬರೆದುದು ಬೇಡವಾದಾಗ ಒರೆಸಿ ಮತ್ತೆ ಕಪ್ಪು ಬಳಿಯುವುದು. ಬಟ್ಟೆ ಹಳೆಯದೇ, ಕಡತ ಮಾತ್ರ ಹೊಸದು. ಇಂದು ಕಡತವೆಂಬ ಮಾತು ಕಚೇರಿಯ ಫೈಲಿಗೆ ಅಂಟಿಕೊಂಡು ಉಳಿದಿದೆ. ಆದರೆ ಒರೆಸಿ ಹೊಸದು ಮಾಡುವ ಆ ಕೆಲಸ ಬೇರೊಂದು ರೂಪದಲ್ಲಿ ನಮ್ಮೆಲ್ಲರ ಜೇಬಿನೊಳಗೆ ಬಂದು ಕುಳಿತಿದೆ. ಅದಕ್ಕೆ ‘ಫ್ಯಾಕ್ಟರಿ ರೀಸೆಟ್’ ಎಂದು ಹೆಸರು. ಫೋನು ಕಾರ್ಖಾನೆಯಿಂದ ಹೊರಬಂದ ದಿನ ಹೇಗೆ ಬರಿದಾಗಿತ್ತೋ ಆ ಸ್ಥಿತಿಗೆ ಅದನ್ನು ಮರಳಿಸುವುದೆಂದು ಅರ್ಥ.

ಮೊಬೈಲು ಇಂದು ಬರಿಯ ಮಾತನಾಡುವ ಯಂತ್ರವಾಗಿ ಉಳಿದಿಲ್ಲ. ಮನೆಯವರ ಭಾವಚಿತ್ರಗಳು, ಬ್ಯಾಂಕಿನ ವ್ಯವಹಾರ, ಮಕ್ಕಳ ಶಾಲೆಯ ಸೂಚನೆಗಳು, ವೈದ್ಯರ ಚೀಟಿ, ನೆಂಟರಿಷ್ಟರ ಸಂಖ್ಯೆಗಳು ಎಲ್ಲವೂ ಅಂಗೈಯಗಲದ ಆ ಹಲಗೆಯಲ್ಲಿ ಸೇರಿಕೊಂಡಿವೆ. ಆದುದರಿಂದ ಅದನ್ನು ಒರೆಸುವುದು ಸಣ್ಣ ಕೆಲಸವಲ್ಲ. ಒರೆಸಬೇಕಾದಾಗ ಒರೆಸದೆ ಹಳೆಯ ಫೋನನ್ನು ಮಾರಿದರೆ ಮನೆಯ ಗುಟ್ಟು ಪರರ ಪಾಲಾಗುತ್ತದೆ. ಒರೆಸಬಾರದಾಗ ಒರೆಸಿದರೆ ಮತ್ತೆ ದೊರೆಯದ ವಸ್ತು ಕೈತಪ್ಪಿಹೋಗುತ್ತದೆ. ಈ ಎರಡು ನಷ್ಟಗಳನ್ನೂ ತಪ್ಪಿಸಿಕೊಳ್ಳುವ ದಾರಿ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಹೆಸರಿನ ಮಾತು. ನಮ್ಮಲ್ಲಿ ಬಹುಮಂದಿಯ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಈ ಶಬ್ದ ಗ್ರೀಕ್ ಮೂಲದ್ದು. ‘ಮನುಷ್ಯನಂತೆ ಇರುವುದು’ ಎಂದು ಅದರ ಅರ್ಥ. ಮನುಷ್ಯನೆಂಬ ಅರ್ಥದ ಗ್ರೀಕರ ‘ಅನೇರ್’ ಶಬ್ದಕ್ಕೂ ಸಂಸ್ಕೃತದ ‘ನೃ’ ಶಬ್ದಕ್ಕೂ ಮೂಲ ಒಂದೇ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಆಂಡ್ರಾಯ್ಡ್ ಎಂಬುದು ಫೋನಿನ ಹೆಸರಲ್ಲ. ಫೋನಿನೊಳಗಿದ್ದು ಎಲ್ಲ ಕೆಲಸಗಳನ್ನೂ ನಡೆಯಿಸುವ ವ್ಯವಸ್ಥೆಯ ಹೆಸರು. ಇದನ್ನು ರೂಪಿಸುತ್ತಿದ್ದ ಸಣ್ಣ ಸಂಸ್ಥೆಯನ್ನು ಗೂಗಲ್ ಕಂಪನಿ 2005ರಲ್ಲಿ ಕೊಂಡುಕೊಂಡಿತು. ಈ ವ್ಯವಸ್ಥೆಯುಳ್ಳ ಮೊದಲನೆಯ ಫೋನು 2008ರಲ್ಲಿ ಮಾರಾಟಕ್ಕೆ ಬಂದಿತು. ಇಂದು ಹಲವಾರು ಕಂಪನಿಗಳು ಇದನ್ನೇ ತಮ್ಮ ತಮ್ಮ ಫೋನುಗಳಿಗೆ ಒಗ್ಗಿಸಿಕೊಂಡಿರುವುದರಿಂದ ಒಂದು ಫೋನಿನಲ್ಲಿ ಕಾಣುವ ಮಾತು ಇನ್ನೊಂದರಲ್ಲಿ ಸ್ವಲ್ಪ ಬೇರೆಯಾಗಿರಬಹುದು. ಒಳಗಿನ ತತ್ತ್ವ ಮಾತ್ರ ಒಂದೇ.

ಆ ತತ್ತ್ವವನ್ನು ಬಾಡಿಗೆಯ ಮನೆಯ ದೃಷ್ಟಾಂತದಿಂದ ತಿಳಿಯಬಹುದು. ಫೋನಿನ ಸಂಗ್ರಹದಲ್ಲಿ ಮುಖ್ಯವಾಗಿ ಎರಡು ಭಾಗಗಳುಂಟು. ಒಂದು, ಆಂಡ್ರಾಯ್ಡ್ ವ್ಯವಸ್ಥೆ ಇರುವ ಭಾಗ; ಇದು ಗೋಡೆ, ಬಾಗಿಲು, ಅಟ್ಟಗಳಂತೆ ಮನೆಯೊಡೆಯನದು. ಇನ್ನೊಂದು, ನಾವು ತುಂಬಿದ ಚಿತ್ರ, ಸಂದೇಶ, ಆಪ್‌ಗಳು ಇರುವ ಭಾಗ. ಇದು ಬಾಡಿಗೆದಾರನ ಸಾಮಾನು. ರೀಸೆಟ್ ಮಾಡಿದಾಗ ಬಾಡಿಗೆದಾರನ ಸಾಮಾನೆಲ್ಲ ಹೊರಗೆ ಹೋಗುತ್ತದೆ. ಗೋಡೆ ಬಾಗಿಲುಗಳು ಹಾಗೆಯೇ ನಿಲ್ಲುತ್ತವೆ. ನಡುವೆ ಮನೆಯೊಡೆಯನು ಹೊಸ ಬಾಗಿಲು ಹಾಕಿಸಿದ್ದರೆ ಅದೂ ಉಳಿಯುತ್ತದೆ. ಎಂದರೆ, ಫೋನು ಕೊಂಡ ಮೇಲೆ ಆಂಡ್ರಾಯ್ಡ್‌ನ ಹೊಸ ಆವೃತ್ತಿಯನ್ನು ಹಾಕಿಸಿಕೊಂಡಿದ್ದರೆ ರೀಸೆಟ್ಟಿನಿಂದ ಹಳೆಯ ಆವೃತ್ತಿ ಮರಳಿ ಬರುವುದಿಲ್ಲ. ‘ಕಾರ್ಖಾನೆಯ ಸ್ಥಿತಿ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬಾರದೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಒರೆಸಿದ್ದು ನಿಜವಾಗಿಯೂ ಅಳಿಯುತ್ತದೆಯೆ? ಇದು ಕೇಳತಕ್ಕ ಪ್ರಶ್ನೆ. 2015ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಲಾರೆಂಟ್ ಸೈಮನ್ ಮತ್ತು ರಾಸ್ ಆಂಡರ್ಸನ್ ಎಂಬ ಸಂಶೋಧಕರು 5 ಕಂಪನಿಗಳ 21 ಬಳಸಿದ ಫೋನುಗಳನ್ನು ಪರೀಕ್ಷಿಸಿದರು. ಅವು ಆಂಡ್ರಾಯ್ಡ್‌ನ ಹಳೆಯ ಆವೃತ್ತಿಗಳುಳ್ಳ ಫೋನುಗಳು. ರೀಸೆಟ್ ಮಾಡಿದ ಮೇಲೂ ಅವುಗಳಿಂದ ಹಿಂದಿನ ಒಡೆಯರ ಸಂದೇಶಗಳನ್ನೂ ಚಿತ್ರಗಳನ್ನೂ ಹೊರತೆಗೆಯಲು ಸಾಧ್ಯವೆಂದು ಅವರು ತೋರಿಸಿದರು. ಪುಸ್ತಕದ ವಿಷಯಸೂಚಿಯನ್ನು ಹರಿದುಹಾಕಿ ಒಳಪುಟಗಳನ್ನು ಹಾಗೆಯೇ ಬಿಟ್ಟರೆ ಏನಾಗುವುದೋ ಅದೇ ಅಲ್ಲಿ ಆಗಿತ್ತು.

ಈಗಿನ ಫೋನುಗಳಲ್ಲಿ ಇದಕ್ಕೆ ಬೇರೊಂದು ಉಪಾಯವಿದೆ. ಕನ್ನಡದ ಸಿರಿಭೂವಲಯವೆಂಬ ಗ್ರಂಥದ ಹೆಸರನ್ನು ವಾಚಕರಲ್ಲಿ ಕೆಲವರು ಕೇಳಿರಬಹುದು. ಅದರಲ್ಲಿ ಅಕ್ಷರಗಳಿಲ್ಲ, ಅಡ್ಡ 27, ಉದ್ದ 27 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕೆಗಳನ್ನು ತುಂಬಿದೆ. ಯಾವ ಅಂಕೆಗೆ ಯಾವ ಅಕ್ಷರ, ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕು ಎಂಬ ಬಂಧ ತಿಳಿದವರಿಗೆ ಅದು ಕಾವ್ಯ. ತಿಳಿಯದವರಿಗೆ ಅಂಕೆಗಳ ರಾಶಿ. ಹಾಗೆಯೇ ಈಗಿನ ಫೋನು ನಮ್ಮ ವಿಷಯಗಳನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಟ್ಟು, ಅದನ್ನು ಬಿಡಿಸುವ ಕೀಲಿಯನ್ನು ತನ್ನೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ರೀಸೆಟ್ ಮಾಡಿದಾಗ ಆ ಕೀಲಿಯೇ ನಾಶವಾಗುತ್ತದೆ. ಆಮೇಲೆ ಅಲ್ಲಿಲ್ಲಿ ಉಳಿದ ಬರಹವನ್ನು ಯಾರು ಹೊರತೆಗೆದರೂ ಓದಲಾರರು. 2015ರ ಆಂಡ್ರಾಯ್ಡ್ 6ರಿಂದ ಮೊದಲಾಗಿ ಸಾಮರ್ಥ್ಯವುಳ್ಳ ಹೊಸ ಫೋನುಗಳಿಗೂ, 2019ರ ಆಂಡ್ರಾಯ್ಡ್ 10ರಿಂದ ಮೊದಲಾಗಿ ಎಲ್ಲ ಹೊಸ ಫೋನುಗಳಿಗೂ ಈ ಗೂಢಲಿಪಿ ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯ ಫೋನು ಮನೆಯಲ್ಲಿದ್ದರೆ ಅದನ್ನು ಅಪರಿಚಿತರಿಗೆ ಮಾರದಿರುವುದೇ ಲೇಸು.

ರೀಸೆಟ್ಟಿನಿಂದ ಅಳಿಯದೆ ಉಳಿಯುವ ವಸ್ತುಗಳೂ ಉಂಟು. ಸಿಮ್ ಕಾರ್ಡಿನಲ್ಲಿ ಬರೆದಿಟ್ಟ ಸಂಖ್ಯೆಗಳು ಅದರಲ್ಲಿಯೇ ಇರುತ್ತವೆ. ಪ್ರತ್ಯೇಕವಾಗಿ ಹಾಕಿದ ಮೆಮೊರಿ ಕಾರ್ಡಿನ ಚಿತ್ರಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಆದುದರಿಂದ ಫೋನನ್ನು ಬೇರೆಯವರಿಗೆ ಕೊಡುವಾಗ ಇವೆರಡನ್ನೂ ಮೊದಲು ಹೊರತೆಗೆಯಬೇಕು. ಪ್ರತಿಯೊಂದು ಫೋನಿಗೂ 15 ಅಂಕೆಗಳ ಐಎಂಇಐ ಎಂಬ ಗುರುತಿನ ಸಂಖ್ಯೆಯಿರುತ್ತದೆ. ರೀಸೆಟ್ ಅದನ್ನು ಬದಲಿಸುವುದಿಲ್ಲ. ಕಳವಾದ ಫೋನನ್ನು ಕಳ್ಳನು ಒರೆಸಿದರೂ ಈ ಸಂಖ್ಯೆಯ ಮೂಲಕ ಅದನ್ನು ತಡೆಹಿಡಿಯಬಹುದು. 2023ರಲ್ಲಿ ಕೇಂದ್ರ ಸರಕಾರದ ದೂರಸಂಪರ್ಕ ಇಲಾಖೆ ಆರಂಭಿಸಿದ ‘ಸಂಚಾರ್ ಸಾಥಿ’ಯಲ್ಲಿ ಇದಕ್ಕೆ ಏರ್ಪಾಡಿದೆ. ಇನ್ನು ಬ್ಯಾಂಕಿನ ಹಣದ ವಿಷಯ: ಹಣವಿರುವುದು ಬ್ಯಾಂಕಿನಲ್ಲಿಯೇ ಹೊರತು ಫೋನಿನಲ್ಲಲ್ಲ. ರೀಸೆಟ್ ಆದ ಮೇಲೆ ಹಣ ಕಳುಹಿಸುವ ಆಪ್‌ಗಳನ್ನು ಹೊಸದಾಗಿ ಹಾಕಿ, ಅದೇ ಸಿಮ್ಮಿನಿಂದ ಮತ್ತೆ ನೋಂದಾಯಿಸಿಕೊಂಡರೆ ಸಾಕು.

ಫೋನು ಮಂದವಾಯಿತೆಂದೊಡನೆ ರೀಸೆಟ್ಟಿಗೆ ಕೈಹಾಕುವುದು ಮೂಗಿಗೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ. ಮೊದಲು ಸಣ್ಣ ಮದ್ದುಗಳನ್ನು ಪರೀಕ್ಷಿಸಬೇಕು. ಒಂದು ಸಲ ಆರಿಸಿ ಹೊತ್ತಿಸಿ ನೋಡಿರಿ. ಸಂಗ್ರಹ ತುಂಬಿಹೋಗಿದ್ದರೆ ಬೇಡವಾದ ವಿಡಿಯೋಗಳನ್ನು ತೆಗೆಯಿರಿ. ಹೊಸ ಆಪ್ ಒಂದನ್ನು ಹಾಕಿದ ಮೇಲೆ ತೊಂದರೆ ಮೊದಲಾಗಿದ್ದರೆ ಅದನ್ನು ತೆಗೆದುಹಾಕಿರಿ. ‘ಸೇಫ್ ಮೋಡ್’ ಎಂಬ ಸ್ಥಿತಿಯಲ್ಲಿ ಫೋನನ್ನು ಹೊತ್ತಿಸಿದರೆ ನಾವು ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ. ಆಗ ಫೋನು ಸರಿಯಾಗಿ ನಡೆದರೆ ದೋಷವಿರುವುದು ಯಾವುದೋ ಆಪ್‌ನಲ್ಲಿ ಎಂದು ತಿಳಿಯಬಹುದು. ವೈಫೈ ಮಾತ್ರ ಕೈಕೊಡುತ್ತಿದ್ದರೆ ಅದರ ಏರ್ಪಾಡನ್ನು ಮಾತ್ರ ಮೊದಲಿನಂತೆ ಮಾಡುವ ಅವಕಾಶವೂ ಉಂಟು. ಅದರಿಂದ ಚಿತ್ರಗಳಾಗಲಿ ಸಂದೇಶಗಳಾಗಲಿ ಅಳಿಯುವುದಿಲ್ಲ. ಇವು ಯಾವುವೂ ಫಲಿಸದಿದ್ದಾಗ, ಇಲ್ಲವೆ ಫೋನನ್ನು ಮಾರುವಾಗ ಅಥವಾ ದಾನ ಮಾಡುವಾಗ ರೀಸೆಟ್ ಯೋಗ್ಯವಾದ ಕ್ರಮ.

ಒರೆಸುವ ಮೊದಲು ಪ್ರತಿ ಮಾಡಿಟ್ಟುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ನಮ್ಮ ಬೀದಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಅವರ ಶ್ರೀಮತಿಯವರು ಹಸೆಹಾಡುಗಳಲ್ಲಿ ಹೆಸರಾದವರು. ತೀರಿಕೊಳ್ಳುವ ಹಿಂದಿನ ವರ್ಷ ಸೊಸೆಯ ಬಲವಂತಕ್ಕೆ ಹತ್ತಾರು ಹಾಡುಗಳನ್ನು ಫೋನಿನಲ್ಲಿ ಹಾಡಿಟ್ಟಿದ್ದರು. ಮುಂದೆ ಫೋನು ನಿಧಾನವಾಯಿತೆಂದು ಮೊಮ್ಮಗನು ಅದನ್ನು ರೀಸೆಟ್ ಮಾಡಿದನು. ಹುಡುಗನು ಅಜಾಗರೂಕನಲ್ಲ, ಚಿತ್ರಗಳೆಲ್ಲ ಗೂಗಲ್ ಫೋಟೋಸಿನಲ್ಲಿ ಇವೆಯೆಂದು ನೋಡಿಕೊಂಡೇ ಮಾಡಿದನು. ಚಿತ್ರಗಳು ಮರಳಿ ಬಂದವು, ಹಾಡುಗಳು ಬರಲಿಲ್ಲ. ಗೂಗಲ್ ಫೋಟೋಸ್ ಕಾಪಾಡುವುದು ಚಿತ್ರಗಳನ್ನೂ ವಿಡಿಯೋಗಳನ್ನೂ ಮಾತ್ರ. ಬರಿಯ ಧ್ವನಿಯ ಮುದ್ರಣ ಅದರ ಲೆಕ್ಕಕ್ಕೆ ಸೇರುವುದಿಲ್ಲ. ಕೀಲಿ ನಾಶವಾದ ಮೇಲೆ ಯಾವ ಅಂಗಡಿಯವನೂ ಅವನ್ನು ಹೊರತೆಗೆಯಲಾರನು. ಕಳ್ಳನಿಂದ ನಮ್ಮನ್ನು ಕಾಯುವ ಗೂಢಲಿಪಿ ಒಡೆಯನಿಗೂ ದಯೆ ತೋರಿಸುವುದಿಲ್ಲ.

ಆದುದರಿಂದ ಪ್ರತಿಯೊಂದು ಬಗೆಯ ವಸ್ತುವನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು. ಫೋನಿನ ಸಂಖ್ಯೆಗಳು ಗೂಗಲ್ ಖಾತೆಗೆ ಸೇರಿವೆಯೆ? ಚಿತ್ರಗಳು ಪೂರ್ತಿಯಾಗಿ ಏರಿವೆಯೆ? ವಾಟ್ಸಾಪ್‌ಗೆ ತನ್ನದೇ ಆದ ಬ್ಯಾಕಪ್ ವ್ಯವಸ್ಥೆಯಿದೆ. ಅದನ್ನು ಅದರೊಳಗಿನಿಂದಲೇ ಮಾಡಬೇಕು. ಗೂಗಲ್ ಖಾತೆಯಲ್ಲಿ ಬಿಟ್ಟಿಯಾಗಿ ದೊರೆಯುವ ಜಾಗ 15 ಜಿಬಿ. 2024ರಿಂದ ವಾಟ್ಸಾಪ್ ಬ್ಯಾಕಪ್ಪೂ ಆ ಲೆಕ್ಕದಲ್ಲಿಯೇ ಸೇರುತ್ತದೆ. ಧ್ವನಿಮುದ್ರಣಗಳನ್ನೂ ಕಾಗದಪತ್ರಗಳ ಪ್ರತಿಗಳನ್ನೂ ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಸಾಗಿಸಿ, ಅಲ್ಲಿ ಒಮ್ಮೆ ತೆರೆದು ನೋಡಿರಿ. ತೆರೆದು ನೋಡದ ಪ್ರತಿ ಪ್ರತಿಯಲ್ಲ. ಗೂಗಲ್ ಖಾತೆಯ ಹೆಸರನ್ನೂ ಗುಪ್ತಪದವನ್ನೂ ಕಾಗದದ ಮೇಲೆ ಬರೆದು ಭದ್ರವಾದ ಕಡೆ ಇಡುವುದು ಒಳ್ಳೆಯದು.

ಈಗ ಕ್ರಮವನ್ನು ಹೇಳುತ್ತೇನೆ. ಫೋನಿನಲ್ಲಿ ನೂರಕ್ಕೆ 70 ಭಾಗವಾದರೂ ಚಾರ್ಜು ಇರಲಿ. ವಿದ್ಯುತ್ತಿಗೆ ಜೋಡಿಸಿಯೇ ಇಡಿರಿ. ಬೇರೆಯವರಿಗೆ ಕೊಡುವುದಾದರೆ ‘ಸೆಟ್ಟಿಂಗ್ಸ್’ನಲ್ಲಿ ಖಾತೆಗಳ ಭಾಗಕ್ಕೆ ಹೋಗಿ ಗೂಗಲ್ ಖಾತೆಯನ್ನು ಮೊದಲು ತೆಗೆದುಹಾಕಿರಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ಅದರೊಳಗೆ ‘ರೀಸೆಟ್ ಆಪ್ಷನ್ಸ್’, ಅದರೊಳಗೆ ‘ಎರೇಸ್ ಆಲ್ ಡೇಟಾ’ ಎಂಬುದನ್ನು ಒತ್ತಿರಿ. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ಜನರಲ್ ಮ್ಯಾನೇಜ್‌ಮೆಂಟ್’, ‘ರೀಸೆಟ್’, ‘ಫ್ಯಾಕ್ಟರಿ ಡೇಟಾ ರೀಸೆಟ್’ ಎಂದಿರುತ್ತದೆ. ದಾರಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದ ಹುಡುಕುವ ಪೆಟ್ಟಿಗೆಯಲ್ಲಿ ‘ರೀಸೆಟ್’ ಎಂದು ಹುಡುಕಿದರೆ ಸಿಕ್ಕುತ್ತದೆ. ಫೋನು ಬೀಗದ ಅಂಕೆಯನ್ನು ಕೇಳುತ್ತದೆ, ಒಪ್ಪಿಗೆಯನ್ನು ಇನ್ನೊಮ್ಮೆ ಕೇಳುತ್ತದೆ. ಬಳಿಕ ಆರಿ ತಾನೇ ಹೊತ್ತಿಕೊಳ್ಳುತ್ತದೆ. ಇದಕ್ಕೆ ಒಂದು ಗಂಟೆಯವರೆಗೂ ಹಿಡಿಯಬಹುದು. ನಡುವೆ ಗಾಬರಿಯಿಂದ ಆರಿಸಬಾರದು. ಕಾರ್ಡಿಲ್ಲದ ಇ-ಸಿಮ್ ಇದ್ದರೆ ಅದನ್ನೂ ಅಳಿಸಬೇಕೆ ಎಂದು ಕೆಲವು ಫೋನುಗಳು ಕೇಳುತ್ತವೆ. ಫೋನನ್ನು ನೀವೇ ಇಟ್ಟುಕೊಳ್ಳುವುದಾದರೆ ಅಳಿಸಬೇಡಿರಿ.

ಪರದೆಯೇ ತೆರೆಯದಿದ್ದಾಗ, ಇಲ್ಲವೆ ಬೀಗದ ಅಂಕೆ ಮರೆತಾಗ ಇನ್ನೊಂದು ದಾರಿಯಿದೆ. ಫೋನನ್ನು ಆರಿಸಿ, ಪವರ್ ಗುಂಡಿಯನ್ನೂ ಧ್ವನಿಯ ಗುಂಡಿಗಳಲ್ಲೊಂದನ್ನೂ ಒಟ್ಟಿಗೆ ಒತ್ತಿ ಹಿಡಿದರೆ ‘ರಿಕವರಿ’ ಎಂಬ ಪಟ್ಟಿಗೆ ಹೋಗಬಹುದು. ಧ್ವನಿಯ ಯಾವ ಗುಂಡಿಯೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಪಟ್ಟಿಯಲ್ಲಿ ಧ್ವನಿಯ ಗುಂಡಿಗಳಿಂದ ಮೇಲೆ ಕೆಳಗೆ ಸರಿದು, ‘ವೈಪ್ ಡೇಟಾ’ ಎಂಬಲ್ಲಿ ಪವರ್ ಗುಂಡಿಯನ್ನು ಒತ್ತಬೇಕು. ಆದರೆ ಇಲ್ಲೊಂದು ಕಾವಲುಂಟು. 2015ರ ಆಂಡ್ರಾಯ್ಡ್ 5.1ರಿಂದ ಈಚೆಗೆ, ಈ ಹಿಂಬಾಗಿಲಿನಿಂದ ಒರೆಸಿದ ಫೋನು ಮತ್ತೆ ಹೊತ್ತಿದಾಗ ಹಿಂದಿನ ಗೂಗಲ್ ಖಾತೆಯ ಗುಪ್ತಪದವನ್ನು ಕೇಳುತ್ತದೆ. ಹೇಳದಿದ್ದರೆ ಒಳಗೆ ಬಿಡುವುದಿಲ್ಲ. ಕಳ್ಳರಿಗೆ ಕದ್ದ ಫೋನು ಉಪಯೋಗಕ್ಕೆ ಬಾರದಿರಲೆಂದು ಮಾಡಿದ ವ್ಯವಸ್ಥೆ ಇದು. ಬಳಸಿದ ಫೋನನ್ನು ಕೊಳ್ಳುವವರು ಹಣ ಕೊಡುವ ಮುನ್ನ ಅದನ್ನು ಹೊತ್ತಿಸಿ, ಹಿಂದಿನವರ ಖಾತೆಯನ್ನು ಕೇಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕಡೆಯದಾಗಿ ಒಂದು ಎಚ್ಚರಿಕೆ. ಬ್ಯಾಂಕಿನವರೆಂದೋ ಕಂಪನಿಯವರೆಂದೋ ಹೇಳಿಕೊಂಡು, ನಿಮ್ಮ ಫೋನನ್ನು ಸರಿಪಡಿಸುತ್ತೇವೆಂದು ಕರೆ ಮಾಡಿ ಗುಪ್ತಸಂಖ್ಯೆ ಕೇಳುವವರನ್ನು ನಂಬಬಾರದು. ಮೋಸಹೋಗಿ ಹಣ ಕಳೆದುಕೊಂಡವರು ಗಾಬರಿಯಿಂದ ಫೋನನ್ನು ಒರೆಸಿಬಿಟ್ಟರೆ ಮೋಸಗಾರನ ಸಂದೇಶಗಳೂ ಅದರೊಡನೆ ಅಳಿದು ಸಾಕ್ಷ್ಯವೇ ಇಲ್ಲದಂತಾಗುತ್ತದೆ. ಮೊದಲು 1930 ಎಂಬ ಸಂಖ್ಯೆಗೆ ದೂರು ಕೊಡಬೇಕು. ಒರೆಸುವ ಮಾತು ಆಮೇಲಿನದು.

ಕಡತ ಒರೆಸುವ ಮುನ್ನ ಹಿಂದಿನ ಶಾನುಭೋಗರು ಉಳಿಸಬೇಕಾದ ಬಾಕಿಯನ್ನು ಬೇರೊಂದು ಕಡೆ ಎತ್ತಿ ಬರೆದುಕೊಂಡರೆ ಅದು ಅವರ ವ್ಯವಹಾರಜ್ಞಾನ. ನಮ್ಮ ಮನೆಗಳಲ್ಲಿಯೂ ಒಂದು ಭಾನುವಾರದ ಮಧ್ಯಾಹ್ನ ಫೋನುಗಳನ್ನು ಮುಂದಿಟ್ಟುಕೊಂಡು, ಇದರಲ್ಲಿ ಮತ್ತೆ ದೊರೆಯದ ವಸ್ತು ಯಾವುದೆಂದು ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೇಳಿ, ಅದರ ಪ್ರತಿಯನ್ನು ಮಾಡಿಟ್ಟುಕೊಳ್ಳುವುದು ಒಳಿತು. ರೀಸೆಟ್ ಇಂದು ಬೇಕಾಗದಿರಬಹುದು. ಪ್ರತಿಯನ್ನು ಇಂದೇ ಮಾಡಿಡಬಹುದು.