ಮೊದಲ ಹತ್ತು ನಿಮಿಷ ಮನೆಯವರದು

2025ರ ಜುಲೈ ಮೊದಲ ವಾರಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟುತ್ತಿದ್ದರು. ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬರುತ್ತಿದ್ದ ದಿನಗಳವು. ಇವತ್ತು ಹೊಳೆನರಸೀಪುರ, ನಾಳೆ ಅರಕಲಗೂಡು, ಮತ್ತೊಂದು ದಿನ ಚನ್ನರಾಯಪಟ್ಟಣ. ಸತ್ತವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ಎದೆನೋವಿನ ಸುಳಿವೇ ಇಲ್ಲದವರೂ ಇಸಿಜಿ ಮಾಡಿಸಿಕೊಂಡು ಬರೋಣವೆಂದು ಹೊರಟರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಮೇ ಮತ್ತು ಜೂನ್ ತಿಂಗಳ 24 ಸಾವುಗಳನ್ನು ಪರಿಶೀಲಿಸಿ, 4 ಸಾವುಗಳಿಗೂ ಹೃದಯಕ್ಕೂ ಸಂಬಂಧವಿಲ್ಲ ಎಂದಿತು. ಉಳಿದವಕ್ಕೂ ಹೊಸ ಕಾಯಿಲೆಯೊಂದು ಕಾರಣವೆನ್ನಲು ಆಧಾರ ಸಿಗಲಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನಂಥ ಹಳೆಯ ಕಾರಣಗಳೇ ಎದ್ದು ಕಂಡವು.

ಇಸಿಜಿ ಹೇಳುವುದು ಆ ಹೊತ್ತಿನ ಹೃದಯದ ಸ್ಥಿತಿಯನ್ನು ಮಾತ್ರ. ಮುಂದಿನ ತಿಂಗಳು ಏನಾದೀತೆಂದು ಆ ಕಾಗದ ನೋಡಿ ಹೇಳಲಾಗದು. ಹಾಗಾಗಿ ಭಯದಿಂದ ಸರದಿಯಲ್ಲಿ ನಿಂತವರು ಊರಿಗೆ ಹಿಂತಿರುಗುವಾಗ ಕಲಿತು ಬರಬೇಕಿದ್ದ ವಿದ್ಯೆ ಒಂದಿತ್ತು. ಕಣ್ಣೆದುರೇ ಯಾರಾದರೂ ಕುಸಿದು ಬಿದ್ದರೆ ಏನು ಮಾಡಬೇಕು ಎಂಬುದು ಆ ವಿದ್ಯೆ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿಕೊಂಡರೆ ಅದು ಹೃದಯಾಘಾತ. ಎದೆ ಹಿಂಡಿದಂತಾಗುತ್ತದೆ, ಬೆವರು ಕಿತ್ತುಬರುತ್ತದೆ, ನೋವು ಎಡತೋಳಿಗೋ ದವಡೆಗೋ ಹಬ್ಬುತ್ತದೆ. ರೋಗಿಗೆ ಎಚ್ಚರವಿರುತ್ತದೆ, ಮಾತಾಡುತ್ತಾನೆ. 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿದು ಮಲಗುವುದೂ ಈ ಹಂತದಲ್ಲೇ. ಆಗ ಮಾಡಬೇಕಾದದ್ದು 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆ ಸೇರಿಸುವುದು. 46ನೇ ವಯಸ್ಸಿಗೇ ಹೃದಯದ ತೊಂದರೆಯಿಂದ ತೀರಿಹೋದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯ ಉದ್ದೇಶವೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಕೂಡಲೇ ನೋಡಿ ಹೇಳಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲಿಯೇ ಸಿಗುತ್ತದೆ.

ಹೃದಯ ಸ್ತಂಭನದಲ್ಲಿ ಇಷ್ಟು ಪುರುಸೊತ್ತಿಲ್ಲ. ಹಲವರಲ್ಲಿ ಹೃದಯದ ವಿದ್ಯುತ್ ಸಂಕೇತಗಳು ದಿಕ್ಕೆಟ್ಟು, ಕೆಳಕೋಣೆಗಳು ಮಿಡಿಯುವ ಬದಲು ಸುಮ್ಮನೆ ನಡುಗುತ್ತವೆ. ಒಂದು ಹನಿ ರಕ್ತವೂ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷ ದಾಟಿದರೆ ಮಿದುಳಿಗೆ ಶಾಶ್ವತ ಹಾನಿ ಶುರು. ಯಾರೂ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದರೂ ಆಂಬುಲೆನ್ಸ್‌ಗೆ ಹತ್ತು ಕಿ.ಮೀ. ದಾಟಲು ಹತ್ತು ನಿಮಿಷ ಬೇಕು. ಅರಕಲಗೂಡಿನ ಒಳಹಳ್ಳಿಯ ರಸ್ತೆಯಲ್ಲಿ ಆ ವೇಗವೂ ಕಷ್ಟ.

ಬಿದ್ದವರ ದೇಹದಲ್ಲಿ ಇನ್ನೂ ಒಂದು ಆಸರೆ ಉಳಿದಿರುತ್ತದೆ. ಹೃದಯ ನಿಂತ ಕ್ಷಣದಲ್ಲಿ ರಕ್ತದಲ್ಲಿ ಕೆಲ ನಿಮಿಷಗಳಿಗೆ ಸಾಲುವಷ್ಟು ಆಮ್ಲಜನಕ ಇದ್ದೇ ಇರುತ್ತದೆ, ಅದನ್ನು ಮಿದುಳಿಗೆ ತಳ್ಳುವವರಿಲ್ಲ ಅಷ್ಟೆ. ಆ ಕೆಲಸವನ್ನು ಹೊರಗಿನಿಂದ ಎದೆ ಒತ್ತಿಯೂ ಮಾಡಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ತೋರಿಸಿದರು. ಅದಕ್ಕೂ ಮೊದಲು ಪ್ರಯೋಗವೊಂದರಲ್ಲಿ ನಾಯಿಯ ಎದೆಗೆ ವಿದ್ಯುತ್ ಆಘಾತದ ಹಲಗೆಗಳನ್ನು ಒತ್ತಿ ಹಿಡಿದಾಗ, ವಿದ್ಯುತ್ ಹರಿಯುವ ಮೊದಲೇ ರಕ್ತದೊತ್ತಡ ಏರಿದ್ದು ನಿಕರ್‌ಬಾಕರ್ ಕಣ್ಣಿಗೆ ಬಿದ್ದಿತ್ತು. ಎದೆ ಒತ್ತಿ ಜೀವ ಉಳಿಸುವ ಇಂದಿನ ಸಿಪಿಆರ್ ಬೆಳೆದದ್ದು ಅಲ್ಲಿಂದ.

ವಿಧಾನ ಕಷ್ಟದ್ದಲ್ಲ. ಭುಜ ತಟ್ಟಿ ಕೂಗಿ, ಪ್ರತಿಕ್ರಿಯೆ ಇಲ್ಲ, ಸರಿಯಾದ ಉಸಿರೂ ಇಲ್ಲವೆಂದರೆ ಇನ್ನೊಬ್ಬರಿಗೆ 108ಕ್ಕೆ ಕರೆ ಮಾಡಲು ಹೇಳಿ. ಒಬ್ಬರೇ ಇದ್ದರೆ ಫೋನಿನ ಸ್ಪೀಕರ್ ಹಾಕಿ ಪಕ್ಕದಲ್ಲಿಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ಕೆಳ ಅರ್ಧದ ನಡುಭಾಗದಲ್ಲಿ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈ ಜೋಡಿಸಿ. ಮೊಣಕೈ ಮಡಚದೆ, ವಯಸ್ಕರಿಗೆ ಐದರಿಂದ ಆರು ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ, ಹೃದಯ ಮತ್ತೆ ತುಂಬಿಕೊಳ್ಳುವುದು ಆಗಲೇ. ನಡುವೆ ನಿಲ್ಲಿಸಿದರೆ ಕಷ್ಟಪಟ್ಟು ಏರಿಸಿದ ಒತ್ತಡ ಥಟ್ಟನೆ ಇಳಿಯುತ್ತದೆ. ಎರಡು ನಿಮಿಷಕ್ಕೆ ಕೈ ಸೋಲುವುದರಿಂದ ಆಳು ಬದಲಾಗಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ತರಬೇತಿ ಇಲ್ಲದವರು ಬರಿಯ ಒತ್ತುವಿಕೆಯನ್ನೇ ಮುಂದುವರಿಸಿದರೆ ಸಾಕು. ವಿದ್ಯುತ್ ಆಘಾತ ಕೊಟ್ಟು ಹೃದಯದ ಮಿಡಿತ ಸರಿಪಡಿಸುವ ಎಇಡಿ ಯಂತ್ರ ಹತ್ತಿರದಲ್ಲಿದ್ದರೆ ತರಿಸಿ, ಮುಂದಿನದನ್ನು ಅದೇ ಹೇಳಿಕೊಡುತ್ತದೆ.

ಜನ ಎಡವುವುದು ಹೆಚ್ಚಾಗಿ ಗುರುತಿಸುವಲ್ಲಿ. ಹೃದಯ ನಿಂತ ಮೇಲೂ ಕೆಲವರು ಬಾಯಿ ತೆರೆದು ಬಿಟ್ಟು ಬಿಟ್ಟು ಗೊರಗುಟ್ಟುತ್ತಾರೆ, ಮನೆಯವರು 'ಉಸಿರಾಡ್ತಾ ಇದಾರೆ' ಎಂದು ಸುಮ್ಮನಾಗುತ್ತಾರೆ. ಕೈಕಾಲು ಸೆಳೆದರೆ ಮೂರ್ಛೆರೋಗವೆಂದು ಬೀಗದ ಕೈ ಹಿಡಿಸುತ್ತಾರೆ, ಬಾಯಿಗೆ ನೀರು ಬಿಡುತ್ತಾರೆ. ಅಷ್ಟರಲ್ಲಿ ನಾಲ್ಕು ನಿಮಿಷ ಮುಗಿದಿರುತ್ತದೆ. ಪಕ್ಕೆಲುಬು ಮುರಿದೀತೆಂಬ ಭಯವೂ ಇದೆ. ಮುರಿಯಬಹುದು ನಿಜ, ಆದರೆ ಮುರಿದ ಮೂಳೆ ಮತ್ತೆ ಕೂಡುತ್ತದೆ.

ಹೃದಯ ಸ್ತಂಭನಗಳಲ್ಲಿ ಬಹುಪಾಲು ಆಗುವುದು ಮನೆಯಲ್ಲೇ. ಎಂದರೆ ಅಪ್ಪ ಬಿದ್ದಾಗ ಪಕ್ಕದಲ್ಲಿರುವುದು ಮಗ, ಮಗಳು ಅಥವಾ ಸೊಸೆ. ಜೀವ ಉಳಿದರೆ 'ನನ್ನ ಮಗಳ ಸಮಯಪ್ರಜ್ಞೆಯಿಂದ ಬದುಕಿದೆ' ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಹೆಮ್ಮೆ ಸರಿಯೇ. ಆದರೆ ಅದನ್ನು ಹುಟ್ಟುಗುಣವೆಂದುಕೊಂಡರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಗಾಬರಿಯಾದಾಗ ಮಿದುಳಿನ ಮುಂಭಾಗದ, ಯೋಚಿಸಿ ನಿರ್ಧರಿಸುವ ಶಕ್ತಿ ಕುಗ್ಗುತ್ತದೆ. ಕೈಗೆ ಅಭ್ಯಾಸವಾದ ಕೆಲಸ ಮಾತ್ರ ಆಗಲೂ ನಡೆಯುತ್ತದೆ, ಸೈಕಲ್ ಕಲಿತವನ ಕಾಲಿನಂತೆ. ಆ ಮಗಳು ಹಿಂದೆಂದೋ ಕಾಲೇಜಿನಲ್ಲಿ ಗೊಂಬೆಯ ಎದೆ ಒತ್ತಿ ಕಲಿತದ್ದು ಆ ದಿನ ಕೈಗೆ ಬಂದಿರುತ್ತದೆ.

ಕಲಿಸಿದರೆ ಫಲವಿದೆ ಎಂಬುದಕ್ಕೆ ಡೆನ್ಮಾರ್ಕ್ ಸಾಕ್ಷಿ. ಅಲ್ಲಿ 2005ರಲ್ಲಿ ಶಾಲೆಯಲ್ಲಿ, 2006ರಲ್ಲಿ ಚಾಲನಾ ಪರವಾನಗಿಗೆ ಈ ತರಬೇತಿ ಕಡ್ಡಾಯವಾಯಿತು. ಹತ್ತಿರವಿದ್ದವರೇ ಎದೆ ಒತ್ತಿದ ಪ್ರಕರಣಗಳು 2001ರಲ್ಲಿ ಶೇ. 21ರಷ್ಟಿದ್ದವು, 2010ಕ್ಕೆ ಶೇ. 45ಕ್ಕೆ ಏರಿದವು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ 30 ದಿನ ಬದುಕಿದವರ ಪಾಲು ಶೇ. 3.5ರಿಂದ 10.8ಕ್ಕೆ ಹೋಯಿತು. ಆಂಬುಲೆನ್ಸ್ ಮತ್ತು ಆಸ್ಪತ್ರೆಗಳ ಸುಧಾರಣೆಯ ಪಾಲೂ ಇದರಲ್ಲಿದೆ.

ಹಾಸನದ ಹಳ್ಳಿಗಳಲ್ಲಿ ಈ ತರಬೇತಿಗೆ ಹೊಸ ಕಟ್ಟಡ ಬೇಕಿಲ್ಲ. ಬೆಳಗ್ಗೆ ಸಂಜೆ ಹಾಲು ಹಾಕಲು ಎಲ್ಲರೂ ಸೇರುವ ಡೇರಿ ಇದೆ, ಒಂದು ಗೊಂಬೆ ಮತ್ತು ಅರ್ಧ ಗಂಟೆ ಸಾಕು. ಕಲಿಯಬೇಕಾದವರು ಮಕ್ಕಳಷ್ಟೇ ಅಲ್ಲ. 2025ರ ಆ ದಿನಗಳಲ್ಲಿ ಕೆಲವು ಮನೆಗಳಲ್ಲಿ ಬಿದ್ದವರು ಮಕ್ಕಳು, ನೋಡುತ್ತ ನಿಂತವರು ಹೆತ್ತವರು. ಮಗಳ ಬಗ್ಗೆ ಹೆಮ್ಮೆಪಡುವ ಅಪ್ಪ ಮುಂದಿನ ಭಾನುವಾರ ಅವಳನ್ನು ಕೂರಿಸಿಕೊಂಡು, 'ನನಗೂ ಹೇಳಿಕೊಡಮ್ಮ' ಎನ್ನಲಿ.