ಪುಟ್ಟ ಸೈನಿಕನಿಗೆ ಒಪ್ಪುವ ತಲೆ
ಎರಡನೇ ಮಹಾಯುದ್ಧದ ಸೈನಿಕರ ಪ್ಲಾಸ್ಟಿಕ್ ಪ್ರತಿಕೃತಿಗಳನ್ನು ಜೋಡಿಸುವ ಹವ್ಯಾಸಿಗಳು, ಅವುಗಳ ಭಾವಹೀನ ಮುಖ ಒಪ್ಪಿಗೆಯಾಗದಿದ್ದಲ್ಲಿ ಬ್ರಿಟನ್ನಿನ ಹಾರ್ನೆಟ್‌ನಂತಹ ಸಂಸ್ಥೆಗಳ ರೆಸಿನ್ ತಲೆಗಳನ್ನು ಕೂರಿಸುವುದುಂಟು. ಆದರೆ ಪೊಟ್ಟಣದ ಮೇಲಿನ ಪ್ರಮಾಣವನ್ನಷ್ಟೇ ನಂಬುವಂತಿಲ್ಲ, ಅಳೆದೇ ನೋಡಬೇಕು.

1:35 ಪ್ರಮಾಣದಲ್ಲಿ 175 ಸೆಂ.ಮೀ. ಎತ್ತರದ ಯೋಧ 50 ಮಿ.ಮೀ.ಗೆ ಇಳಿಯುತ್ತಾನೆ. ಗದ್ದದಿಂದ ನೆತ್ತಿಗೆ 23 ಸೆಂ.ಮೀ. ಇರುವ ತಲೆ ಸುಮಾರು 6.5 ಮಿ.ಮೀ. ಆಗುತ್ತದೆ, 1:32ರಲ್ಲಿ ಅದೇ ತಲೆ 7 ಮಿ.ಮೀ. ದಾಟುತ್ತದೆ. ಇಷ್ಟೇ ವ್ಯತ್ಯಾಸಕ್ಕೆ ಯೋಧ ಬಾಲಕನಂತೆ ಕಂಡಾನು!

ಕೆಲಸ ಕೆಡುವುದು ಹೆಚ್ಚಾಗಿ ಕತ್ತಿನಲ್ಲಿ. ಕಾಲರಿನೊಳಗಿನ ಕುಳಿಯನ್ನು ಆಳಗೊಳಿಸದೆ ಅಂಟಿಸಿದರೆ ಕೊಕ್ಕರೆಯ ಕತ್ತೇ ಸರಿ. ಮೊದಲು ಮೇಣದಿಂದ ಹಿಡಿಸಿ, ನೋಟ ಬಂದೂಕಿನ ಗುರಿಯತ್ತ ಇದೆಯೇ ಎಂದು ಪರೀಕ್ಷಿಸಬೇಕು. ಪ್ಲಾಸ್ಟಿಕ್‌ನ ಅಂಟು ರೆಸಿನ್ನಿಗೆ ಹಿಡಿಯದು. ಸೂಪರ್ ಗ್ಲೂ ಬೇಕು. ರೆಸಿನ್ ದೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಒದ್ದೆ ಮಾಡಿಯೇ ಉಜ್ಜುವುದು ಲೇಸು.