ಚಿನ್ನದ ಬಣ್ಣವೂ ಸಾಪೇಕ್ಷತಾ ಸಿದ್ಧಾಂತವೂ

ಮರಳವಾಡಿಯಂತಹ ಊರಿನ ಅಕ್ಕಸಾಲಿಗನೂ ಅರಮನೆಯ ಭಂಡಾರಿಯೂ ಚಿನ್ನವನ್ನು ಮೊದಲು ಗುರುತಿಸುತ್ತಿದ್ದುದು ಅದರ ಬಣ್ಣದಿಂದ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚುವ ವೇಳೆಗೆ ನಮ್ಮವರು ಆ ಲೋಹವನ್ನು ಹಿಂಬಾಲಿಸಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಆದರೆ ಬೆಳ್ಳಿಯೂ ಚಿನ್ನವೂ ಆವರ್ತ ಕೋಷ್ಟಕದ ಒಂದೇ ಗುಂಪಿಗೆ ಸೇರಿರಲು, ಒಂದು ಬಿಳಿಯಾಗಿಯೂ ಇನ್ನೊಂದು ಹಳದಿಯಾಗಿಯೂ ಇರುವುದೇಕೆ? ಇದರ ಉತ್ತರವು ತಡವಾಗಿ ದೊರೆತ ಬಗೆಯು ಇತಿಹಾಸದ ವಿದ್ಯಾರ್ಥಿಗೂ ವಿಚಾರಾರ್ಹವಾದುದು.

1926ರಲ್ಲಿ ಶ್ರೋಡಿಂಗರ್ ಪ್ರಕಟಿಸಿದ ಸಮೀಕರಣವು ಐನ್‌ಸ್ಟೈನರ ಸಾಪೇಕ್ಷತೆಯನ್ನು ಒಳಗೊಂಡಿರಲಿಲ್ಲ. 1928ರಲ್ಲಿ ಡಿರಾಕ್ ಆ ಕೊರತೆಯನ್ನು ತುಂಬಿದರು. ಆದರೂ ಮರುವರ್ಷ ಅವರೇ, ಸಾಮಾನ್ಯ ರಸಾಯನಕ್ರಿಯೆಗಳಲ್ಲಿ ಸಾಪೇಕ್ಷತೆಗೆ ಮಹತ್ತ್ವವಿಲ್ಲವೆಂದು ಅಭಿಪ್ರಾಯಪಟ್ಟರು. 1935ರಲ್ಲಿ ಬರ್ಥಾ ಸ್ವರ್ಲ್ಸ್ ಎಂಬಾಕೆ ಅನೇಕ ಎಲೆಕ್ಟ್ರಾನುಗಳುಳ್ಳ ಪರಮಾಣುಗಳಿಗೆ ಡಿರಾಕರ ಸಮೀಕರಣವನ್ನು ಅನ್ವಯಿಸುವ ಕ್ರಮವನ್ನು ರೂಪಿಸಿದರು. ಆದರೆ ಭಾರವಾದ ಪರಮಾಣುಗಳ ಗಣನೆಗೆ ಗಣಕಯಂತ್ರಗಳು ಬೇಕಾಗಿದ್ದವು. 1970ರ ದಶಕದಲ್ಲಿ ಡೆಕ್ಲೋ, ಪ್ಯೂಕ್ಕೊ ಮೊದಲಾದವರು ಈ ಕಾರ್ಯವನ್ನು ವಿಸ್ತಾರವಾಗಿ ಕೈಗೊಂಡರು.

ಅವರು ಕಂಡುದನ್ನು ಹೀಗೆ ಸಂಗ್ರಹಿಸಬಹುದು. ಚಿನ್ನದ ಪರಮಾಣುಕೇಂದ್ರದಲ್ಲಿ 79 ಪ್ರೋಟಾನುಗಳಿವೆ. ಅವುಗಳ ಪ್ರಬಲ ಆಕರ್ಷಣೆಗೆ ಒಳಗಾದ ಅತ್ಯಂತ ಒಳಗಿನ ಎಲೆಕ್ಟ್ರಾನಿನ ವೇಗವು ಬೆಳಕಿನ ವೇಗದ ಸುಮಾರು 79/137 ಭಾಗ, ಎಂದರೆ ಶೇಕಡ 58ರಷ್ಟು. ಇಷ್ಟು ವೇಗದಲ್ಲಿ ಅದರ ದ್ರವ್ಯರಾಶಿಯು ಶೇಕಡ 22ರಷ್ಟು ಹೆಚ್ಚಿದಂತಾಗಿ, ಕಕ್ಷೆಯು ಕುಗ್ಗುತ್ತದೆ. ಕೇಂದ್ರದ ಸಮೀಪ ಸುಳಿಯುವ ‘ಎಸ್’ ಎಲೆಕ್ಟ್ರಾನುಗಳೆಲ್ಲವೂ, ಹೊರಗಿನ ‘6ಎಸ್’ ಸಹ, ಹೀಗೆಯೇ ಕುಗ್ಗುತ್ತವೆ. ಅವು ಕೇಂದ್ರವನ್ನು ಹೆಚ್ಚಾಗಿ ಮರೆಮಾಡುವುದರಿಂದ ‘5ಡಿ’ ಎಲೆಕ್ಟ್ರಾನುಗಳ ಮೇಲಿನ ಹಿಡಿತ ಸಡಿಲಗೊಂಡು, ಅವುಗಳ ಶಕ್ತಿಮಟ್ಟ ಮೇಲೇರುತ್ತದೆ. ಎರಡು ಮಟ್ಟಗಳ ಅಂತರ ಕಿರಿದಾದಾಗ ಚಿನ್ನವು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿಫಲಿಸಿದ ಉಳಿದ ಬೆಳಕು ನಮಗೆ ಹಳದಿಯಾಗಿ ತೋರುತ್ತದೆ. 47 ಪ್ರೋಟಾನುಗಳ ಬೆಳ್ಳಿಯಲ್ಲಿ ಈ ಪರಿಣಾಮ ಸ್ವಲ್ಪ. ಅದು ಹೀರುವುದು ಕಣ್ಣಿಗೆ ಕಾಣದ ಅತಿನೇರಳೆಯನ್ನು. ಆದುದರಿಂದ ಬಿಳಿಯಾಗಿ ಹೊಳೆಯುತ್ತದೆ. ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕಹಾಕಿದರೆ ಚಿನ್ನವೂ ಬೆಳ್ಳಿಯಂತೆ ಬಿಳಿಯಾಗಿರಬೇಕಾಗುತ್ತದೆ! ಪಕ್ಕದ ಮೂಲವಸ್ತುವಾದ ಪಾದರಸವು ದ್ರವವಾಗಿರುವುದಕ್ಕೂ ಇದೇ ಕಾರಣವೆಂದು 2013ರ ಗಣನೆಗಳು ತೋರಿಸಿದವು.

ಡಿರಾಕರ ಮಾತು ಜಲಜನಕ, ಇಂಗಾಲಗಳಂತಹ ಹಗುರ ಮೂಲವಸ್ತುಗಳ ಮಟ್ಟಿಗೆ ಬಹುಮಟ್ಟಿಗೆ ಸರಿಯೇ. ಅದನ್ನು ಎಲ್ಲ ಮೂಲವಸ್ತುಗಳಿಗೂ ವಿಸ್ತರಿಸಿದುದರಲ್ಲಿ ದೋಷವಿತ್ತು. ಒಂದು ಶಾಸನದ ಸಾಕ್ಷ್ಯವು ಯಾವ ಕಾಲಕ್ಕೆ, ಯಾವ ಸೀಮೆಗೆ ಸಲ್ಲುವುದೆಂದು ನಾವು ಕೇಳುತ್ತೇವೆ. ಮಹಾವಿಜ್ಞಾನಿಯ ಮಾತನ್ನೂ ಹಾಗೆಯೇ ಒರೆಗೆ ಹಚ್ಚಬೇಕೆಂಬುದಕ್ಕೆ ಚಿನ್ನವೇ ಸಾಕ್ಷಿ.